ಹೇಮಪ್ಪನ ಬಾಯಲ್ಲಿ ಬಂದ ಸುಳ್ಳು

ಹೇಮಪ್ಪ ಸಿಟ್ಟಿನ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವುದೆಲ್ಲ ಅವನ ಸಿಟ್ಟಿನ ಕಥೆ. ಐವತ್ತು ದಾಟುವ ತನಕ ಅವನು ಯಾರ ಮೇಲೂ ಧ್ವನಿ ಏರಿಸಿ ಬೈದವನಲ್ಲ. ಧ್ವನಿ ಏರಿಸುತ್ತಿದ್ದುದು ನಿಜ, ದಿನಾ ಏರಿಸುತ್ತಿದ್ದ, ಆದರೆ ಅದು ಪಂಚಾಯ್ತಿ ಕೆಲಸ. ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ ಸಿಗುವ ಮುತ್ತಲಕಟ್ಟಿ ಎಂಬ ಊರಿಗೆ ಅವನೇ ಡಂಗುರದವನು. ಹೆಗಲಿಗೆ ಹಲಗೆ, ಕೈಯಲ್ಲಿ ಎರಡು ಕಡ್ಡಿ. ಮೂರು ಪೆಟ್ಟು ಹೊಡೆದು ಬಾಯಿ ತೆಗೆದನೆಂದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುವವರೂ ಕೈ ನಿಲ್ಲಿಸುತ್ತಿದ್ದರು. ಮೈಕು ಬೇಕಿರಲಿಲ್ಲ. ನಾಳೆ ನಳ ಬರೂದಿಲ್ಲ, ಸೊಸೈಟಿಗೆ ಸೀಮೆಎಣ್ಣೆ ಬಂದಿದೆ, ರವಿವಾರ ಕೂಸುಗಳಿಗೆ ಪೋಲಿಯೋ ಹನಿ, ಹೀಗೆ ಊರಿಗೆ ತಿಳಿಯಬೇಕಾದ್ದೆಲ್ಲ ಅವನ ಬಾಯಿಂದಲೇ ತಿಳಿಯಬೇಕು.

ಅವನ ಅಪ್ಪನೂ ಇದೇ ಕೆಲಸ ಮಾಡಿದವನು. ಅಪ್ಪ ಚಾವಡಿಯ ಕಟ್ಟೆಯ ಕೆಳಗೆ ನಿಂತು ಸಾರುತ್ತಿದ್ದ, ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಹೇಮಪ್ಪ ಕಟ್ಟೆ ಹತ್ತಿ ಸಾರಿದ. ಹತ್ತಿದ ಮೊದಲ ದಿನ ಇಬ್ಬರು ಮುದುಕರು ಎದ್ದು ಹೋದರಂತೆ. ಇವನು ಮಾತು ಮುಗಿಸಿಯೇ ಇಳಿದ. ಅಪ್ಪ ಅವನಿಗೆ ಕಲಿಸಿದ್ದು ಒಂದೇ ಪಾಠ. "ಸಾರವ್ನು ಮಾತು ತಿದ್ದಬಾರದು ತಮಾ. ಅವರು ಏನು ಹೇಳಿರ್ತಾರ, ಅದನ್ನ ಹಂಗಿಂದ ಹಂಗ ಹೇಳಬೇಕು. ಒಂದು ಸಲ ತಿದ್ದಿದ್ಯೋ, ಮಂದಿ ನಿನ್ನ ನಂಬೂದು ಬಿಡ್ತಾರ."

ಹೇಮಪ್ಪನಿಗೆ ಓದಲು ಬರುತ್ತಿತ್ತು, ಆದರೆ ಬೆರಳಿಟ್ಟು ನಿಧಾನ ಓದಬೇಕು. ಅದಕ್ಕೇ ಕಾಗದ ಮುಟ್ಟುತ್ತಿರಲಿಲ್ಲ. ಸೆಕ್ರೆಟರಿ ಎರಡು ಸಲ ಹೇಳುವುದು, ಇವನು ಒಂದು ಸಲ ತಿರುಗಿ ಹೇಳುವುದು, ಆಮೇಲೆ ಪಂಚಾಯ್ತಿ ಮುಂದಿನ ಬೇವಿನ ಮರದ ತನಕ ಗೊಣಗುತ್ತಾ ಹೋಗುವುದು. ಮರ ಮುಟ್ಟುವಷ್ಟರಲ್ಲಿ ಮಾತು ಬಾಯಿಪಾಠ. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇದು ಅವನ ಹೆಮ್ಮೆ. ಇದರಲ್ಲೇ ಅವನು ಸಿಕ್ಕಿಬಿದ್ದದ್ದು.

ಊರಿಗೊಂದು ಗಾಯರಾಣ ಇತ್ತು. ಗಾಯರಾಣ ಅಂದರೆ ದನ ಮೇಯಲು ಹಿಂದಿನವರು ಬಿಟ್ಟ ಬಯಲು. ಅರವತ್ತು ಎಕರೆ, ರಸ್ತೆಯಿಂದ ಶುರುವಾಗಿ ಗುಡ್ಡದ ಸೆರಗಿನ ತನಕ. ನೋಡಲು ಏನೂ ಇಲ್ಲ ಎನ್ನುವವರು ಆಗಲೂ ಇದ್ದರು. ಏನೂ ಇಲ್ಲದ ಆ ಬಯಲಿನಲ್ಲಿ ಬಾರಿಗಿಡ ಇದ್ದವು, ತಂಗಡಿ ಇತ್ತು, ಎರಡು ಹೊಂಡ ಇದ್ದವು, ರಾಣೇಬೆನ್ನೂರ ಕಡೆಯಿಂದ ದಾರಿ ತಪ್ಪಿ ಬಂದು ನಿಂತುಬಿಟ್ಟ ಹನ್ನೊಂದು ಕೃಷ್ಣಮೃಗ, ಊರ ಬಾಯಲ್ಲಿ ಚಿಗರಿ, ಇದ್ದವು. ಮೈಲವ್ವನ ಆಡುಗಳೂ ಆ ಚಿಗರಿಗಳೂ ಒಂದೇ ಹೊಂಡದ ನೀರು ಕುಡಿಯುತ್ತಿದ್ದವು, ಆಡುಗಳು ಈ ದಂಡೆ, ಚಿಗರಿ ಆ ದಂಡೆ. ಜೈತೂನಬಿ ಬೇಸಿಗೆಯಲ್ಲಿ ಅಲ್ಲಿ ಬೇವಿನ ಬೀಜ ಆರಿಸುತ್ತಿದ್ದಳು, ಮಳೆಗಾಲದಲ್ಲಿ ಸೊಪ್ಪು. ಬ್ಯಾಡಗಿಯ ಗೋದಾಮಿನಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಕಿತ್ತು, ಸೀನಿ ಸೀನಿ ಮೂಗು ಸುಟ್ಟುಕೊಂಡು ಬರುವ ಹೆಣ್ಣುಮಕ್ಕಳು ಟೆಂಪೋ ಇಳಿದವರೇ ಮನೆಗೆ ಹೋಗುತ್ತಿರಲಿಲ್ಲ. ಗಾಯರಾಣದ ಗಾಳಿಗೆ ಅರ್ಧ ತಾಸು ಕುಂತು, ಸೆರಗು ಝಾಡಿಸಿ, ಎದೆಯಲ್ಲಿನ ಖಾರ ಇಳಿಸಿಕೊಂಡು ಆಮೇಲೆ ಒಲೆ ಹಚ್ಚುತ್ತಿದ್ದರು. ಹೇಮಪ್ಪನ ಹೆಂಡತಿ ಹೊನ್ನವ್ವನೂ ಅವರಲ್ಲೊಬ್ಬಳು.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ ಮೇಲಿನಿಂದ ಒಂದು ಕಾರ್ಯಕ್ರಮ ಬಂತು. ಊರೂರಿನ ಬಯಲು ಜಾಗ ಉಳಿಸಬೇಕು, ಅಲ್ಲಿನ ಗಿಡ ಪ್ರಾಣಿ ಕಾಯಬೇಕು ಎಂಬ ಕಾರ್ಯಕ್ರಮ. ಕಾರ್ಯಕ್ರಮದ ಕಾಗದದಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಆಮೇಲೆ ಓದಿದವರೆಲ್ಲ ಹೇಳಿದ್ದಾರೆ. ಹೇಗೆ ಉಳಿಸಬೇಕು ಎಂಬುದನ್ನು ಮಾತ್ರ ಪಂಚಾಯ್ತಿಯೇ ಠರಾವು ಮಾಡಿ ಬರೆದು ಕಳಿಸಬೇಕಿತ್ತು. ಆಗ ಪಂಚಾಯ್ತಿ ಅಧ್ಯಕ್ಷ ವೀರೇಂದ್ರ, ಮೂವತ್ತೆರಡರ ಗೌಡರ ಹುಡುಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿಯ ಅಡತಿ ಇರುವ ಮನೆತನ. ಸೆಕ್ರೆಟರಿ ಮನೋಹರ, ಹಾವೇರಿಯಿಂದ ದಿನಾ ಬೈಕಿನಲ್ಲಿ ಬಂದು ಹೋಗುವವನು.

ಮನೋಹರ ಹೇಮಪ್ಪನನ್ನು ಕರೆದು ಹೇಳಿದ. ಎರಡು ಸಲ ಹೇಳಿದ. ಹೇಮಪ್ಪ ಬೇವಿನ ಮರ ಮುಟ್ಟಿ ಬಂದು ಹಲಗೆ ಹೆಗಲಿಗೆ ಹಾಕಿದ.

"ಸಮಸ್ತ ಗ್ರಾಮಸ್ಥರಿಗೆ ತಿಳಿಸುವುದೇನೆಂದರೆ, ಬಯಲು ಜಾಗ ಸಂರಕ್ಷಣೆ ಕಾರ್ಯಕ್ರಮದಾಗ ನಮ್ಮೂರ ಗಾಯರಾಣ ಖುಲ್ಲಾ ಮಾಡಿ ಕಾಯಂ ಉಳಿಸಲಾಗುವುದು. ಸೋಮವಾರ ಗ್ರಾಮಸಭಾಕ್ಕ ಬಂದು ಎಲ್ಲಾರೂ ಒಪ್ಪಿಗಿ ಕೊಡತಕ್ಕದ್ದು."

ಜನಕ್ಕೆ ಕುಣಿಯುವಷ್ಟು ಖುಷಿ. ಮೂರು ನಾಲ್ಕು ವರ್ಷದಿಂದ ಗಾಯರಾಣದ ಬದುವಿನಲ್ಲಿ ಹೊಲದವರು ಪ್ರತಿ ವರ್ಷ ಎರಡೆರಡು ಸಾಲು ಒಳಗೆ ಒತ್ತಿ ರಂಟೆ ಹೊಡೆಯುತ್ತಿದ್ದರು. ಖುಲ್ಲಾ ಅಂದರೆ ಊರ ಬಾಯಲ್ಲಿ ತೆರೆದದ್ದು, ಅಡ್ಡಿ ಇಲ್ಲದ್ದು. ಬಾಗಿಲು ಖುಲ್ಲಾ ಐತಿ ಬರ್ರಿ ಅನ್ನುತ್ತಾರೆ. ಮೋಡ ಸರಿದರೆ ಮುಗಿಲು ಖುಲ್ಲಾ ಆತು ಅನ್ನುತ್ತಾರೆ. ಹಂಗಾದರೆ ಒತ್ತಿದವರನ್ನು ಹಿಂದೆ ಸರಿಸಿ ಗಾಯರಾಣ ಮೊದಲಿನಂತೆ ಬಯಲು ಮಾಡುತ್ತಾರೆ, ಇನ್ನು ಯಾರೂ ಮುಟ್ಟುವಂತಿಲ್ಲ.

ಮೈಲವ್ವ ತನ್ನ ಕಟ್ಟೆಯ ಮೇಲಿಂದಲೇ ಕೇಳಿದಳು. "ಏ ಹೇಮ್ಯಾ, ಖರೇನೋ?"

"ನಾ ಯಾವಾಗ ಸುಳ್ಳ ಹೇಳೇನಿ ಯಕ್ಕಾ?"

"ಹಂಗಂದ್ರ ಬಾ, ಮಜ್ಜಿಗಿ ಕುಡದು ಹೋಗು. ಇವತ್ತ ಮೊದಲನೇ ಸಲ ನಿನ್ನ ಬಾಯಾಗ ಒಂದು ಚಲೋ ಮಾತು ಬಂತು."

ಸೋಮವಾರದ ಗ್ರಾಮಸಭೆಗೆ ಎಂದೂ ಬಾರದವರು ಬಂದರು. ಮನೋಹರ ಠರಾವನ್ನು ಗಡಗಡ ಓದಿದ. ಓದಿದ್ದು ಯಾರಿಗೂ ತಿಳಿಯಲಿಲ್ಲ, ತಿಳಿಯುವ ಗರಜೂ ಇರಲಿಲ್ಲ, ಹೇಮಪ್ಪ ಸಾರಿದ್ದನಲ್ಲ. ಸಹಿ ಬರುವವರು ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕೊಟ್ಟವನು ಹೇಮಪ್ಪನೇ.

ಮಳೆಗಾಲ ಹಿಡಿಯುವ ಮುಂಚೆ ಕಲ್ಲುಕಂಬ ಬಂದವು, ಮುಳ್ಳುತಂತಿ ಬಂತು. ಒತ್ತುವರಿ ಮಾಡಿದವರ ಹೊಲ ಬಿಟ್ಟು, ಅವರು ಒತ್ತಿದ್ದನ್ನೂ ಬಿಟ್ಟು, ಒಳಗೆ ಬೇಲಿ ಎದ್ದಿತು. ಒಂದು ಬೋರ್ಡು ನಿಂತಿತು. ಹೇಮಪ್ಪ ಬೆರಳಿಟ್ಟು ಓದಿದ. ಸಂರಕ್ಷಿತ ಬಯಲು. ಜನ ಜಾನುವಾರುಗಳಿಗೆ ಪ್ರವೇಶವಿಲ್ಲ.

ಏನೋ ತಪ್ಪಾಗಿದೆ ಅಂದುಕೊಂಡ. ಕೆಲಸದವರು ಬೇರೆ ಊರಿನ ಬೋರ್ಡು ತಂದು ನಿಲ್ಲಿಸಿರಬೇಕು ಎಂದು ಹೊನ್ನವ್ವನಿಗೂ ಹೇಳಿದ. ಅವಳು ಅವನ ಮುಖ ನೋಡಿ, "ಬೋರ್ಡಿನ ಮ್ಯಾಲ ಊರ ಹೆಸರು ಬರದಾರಲ್ಲ, ಅದೂ ಬ್ಯಾರೆದ್ದಽ?" ಎಂದಳು.

ಮರುದಿನ ವೀರೇಂದ್ರ ಅವನ ಕೈಗೆ ಒಂದು ಕೀಲಿಕೈ ಕೊಟ್ಟ. ಕೊಂಡವಾಡದ್ದು. ಬೆಳೆ ಮೇಯ್ದ ದನಗಳನ್ನು ಹಿಂದಿನ ಕಾಲದಲ್ಲಿ ಕೂಡಿಹಾಕುತ್ತಿದ್ದ ಕಲ್ಲಿನ ದೊಡ್ಡಿ ಅದು. ಇಪ್ಪತ್ತು ವರ್ಷದಿಂದ ಅದರೊಳಗೆ ಎಕ್ಕೆಗಿಡ ಬೆಳೆದಿದ್ದವು.

"ಬೇಲಿ ಒಳಗ ಹೊಕ್ಕ ದನಾ ಆಡಾ ಎಲ್ಲಾ ಇದರಾಗ ಹಾಕು," ಅಂದ ವೀರೇಂದ್ರ. ತನಗಿಂತ ಇಪ್ಪತ್ತು ವರ್ಷ ಹಿರಿಯನಿಗೆ ಹೋಗು, ಬಾ, ಹಾಕು ಅನ್ನುವುದು ಆ ಮನೆಯ ರೂಢಿ. "ಮಾಲಕರು ಬಂದ್ರ ನನ್ನ ಕಡೆ ಕಳಸು."

"ಗೌಡ್ರ, ಇದು ಖುಲ್ಲಾ ಮಾಡೂದಲ್ರಿ? ನೀವು ಮುಚ್ಚಾಕತ್ತೀರಲ್ರಿ."

ವೀರೇಂದ್ರ ನಕ್ಕು ಮನೋಹರನ ಕಡೆ ನೋಡಿದ. "ಏನಂತಾನ ನೋಡ್ರಿ ನಿಮ್ಮ ಮೈಕು."

ಮನೋಹರ ಪೆನ್ನು ಕೆಳಗಿಡದೇ ಹೇಳಿದ. "ಬಾಡಿಗಿ ಮನಿ ಖುಲ್ಲಾ ಮಾಡೂದು ಅಂದ್ರ ಏನೋ ಹೇಮಪ್ಪಾ? ಒಳಗಿದ್ದವರು ಗಂಟುಮೂಟಿ ಕಟಗೊಂಡು ಹೊರಗ ಹೋಗೂದು. ಜಾಗಾ ಖುಲ್ಲಾ ಮಾಡೂದಂದ್ರ ಖಾಲಿ ಮಾಡಸೂದು. ಇಷ್ಟು ವರ್ಷ ಪಂಚಾಯ್ತಾಗ ಇದ್ದು ಇದು ತಿಳೀಲಿಲ್ಲಂದ್ರ ಹೆಂಗಪಾ."

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಆ ಮಾತು ಗೊತ್ತಿರುತ್ತದೆ. ಮನೋಹರನಿಗೆ ಗೊತ್ತು, ಅವನು ಹಾವೇರಿಯಲ್ಲಿ ಬಾಡಿಗೆಗೆ ಇದ್ದವನು. ಮುತ್ತಲಕಟ್ಟಿಯಲ್ಲಿ ಬಾಡಿಗೆ ಮನೆ ಒಂದೂ ಇಲ್ಲ. ಆ ಊರಿನಲ್ಲಿ ಯಾರೂ ಯಾರಿಗೂ ಖುಲ್ಲಾ ಮಾಡು ಎಂದು ಹೇಳಿದ್ದೇ ಇಲ್ಲ. ಊರಿನ ಮುನ್ನೂರು ಜನ ತಮ್ಮನ್ನು ತಾವೇ ಹೊರಗೆ ಹಾಕುವ ಕಾಗದಕ್ಕೆ ನಗುನಗುತ್ತಾ ಹೆಬ್ಬೆಟ್ಟು ಒತ್ತಿದ್ದರು. ಯಾರ ಬಾಯಿ ನಂಬಿ? ಹೇಮಪ್ಪನ ಬಾಯಿ ನಂಬಿ.

ಅವನಿಗೆ ಆಗ ಸಿಟ್ಟು ಬರಲಿಲ್ಲ. ಕಿವಿ ಬಿಸಿಯಾಯಿತು, ಅಷ್ಟೆ. ಕೀಲಿಕೈ ಹಿಡಿದುಕೊಂಡು ಹೊರಗೆ ಬಂದ.

ನಾಲ್ಕನೇ ದಿನ ಮೈಲವ್ವನ ಏಳು ಆಡುಗಳನ್ನು ಬೇಲಿ ಕೆಲಸದವರು ಹಿಡಿದು ತಂದರು. ಒಂದರ ಮೊಲೆ ತಂತಿಗೆ ಸಿಕ್ಕು ಹರಿದಿತ್ತು. ಹೇಮಪ್ಪನೇ ಕೊಂಡವಾಡದ ಬಾಗಿಲು ತೆಗೆದ, ಹೇಮಪ್ಪನೇ ಹಾಕಿದ. ಅವನು ಚಿಲಕ ಹಾಕಿ ತಿರುಗುವಷ್ಟರಲ್ಲಿ ಮೈಲವ್ವ ಎದುರಿಗೆ ನಿಂತಿದ್ದಳು. ಎಪ್ಪತ್ತರ ಮುದುಕಿ, ಬೈಗುಳಕ್ಕೆ ಹೆಸರಾದವಳು. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ಅದಕ್ಕ ಅರಿಷಿಣ ಹಚ್ಚಬೇಕಾಗೇತಿ," ಅಂದಳು. "ಬಾಗಿಲಾ ತಗೀತಿಯಪಾ ಅಷ್ಟಕ್ಕರ? ಇಲ್ಲಾ ಅದಕ್ಕೂ ಗೌಡನ್ನ ಕೇಳಬೇಕೋ?"

"ಯಕ್ಕಾ, ನನಗ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲಂದ್ರ ಯಾಕ ಒದರಿದಿ?" ಹೇಮಪ್ಪ ಚಿಲಕ ತೆಗೆದ. ಅವಳು ಒಳಗೆ ಹೋಗಿ ಆಡಿನ ಪಕ್ಕ ಕುಳಿತಳು. "ನಮ್ಮ ಹಳೇ ನಾಯಿ ಕಳ್ಳ ಬಂದ್ರ ಒದರತಿತ್ತು. ಅದಕ್ಕ ಗೊತ್ತಾಗತಿತ್ತು ಬಂದಾಂವ ಕಳ್ಳಂತ."

ಆ ಮಾತು ಅವನಿಗೆ ನಟ್ಟಿತು. ಅವನಿಗೆ ನಾಯಿ ಎಂದದ್ದಕ್ಕಲ್ಲ. ನಾಯಿಗಿಂತ ಕಡೆ ಎಂದದ್ದಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ. ಊರಿನಲ್ಲಿ ಹಲಗೆ ಬಡಿದರೆ ಹೆಂಗಸರು ಕೈ ನಿಲ್ಲಿಸುವುದನ್ನು ಬಿಟ್ಟರು. ಪೋಲಿಯೋ ಹನಿ ಎಂದು ಸಾರಿದರೆ ಜೈತೂನಬಿ ಬಾಗಿಲಿಂದಲೇ, "ಹನಿ ಅಂದ್ರ ಏನ್ ಹೇಮಪ್ಪಣ್ಣಾ, ಮತ್ತ ಏನರ ಬ್ಯಾರೆ ಅರ್ಥ ಐತೇನು?" ಎಂದು ಕೇಳಿದಳು. ಓಣಿಯವರು ನಕ್ಕರು. ಅವನೂ ನಗಲು ನೋಡಿದ, ಬರಲಿಲ್ಲ. ಮೆಣಸಿನಕಾಯಿ ಹೆಂಗಸರು ಈಗ ಟೆಂಪೋ ಇಳಿದು ನೇರ ಮನೆಗೆ ಹೋಗುತ್ತಿದ್ದರು. ಹೊನ್ನವ್ವ ಒಲೆಯ ಮುಂದೆ ಕೆಮ್ಮುವಾಗ ಪ್ರತಿ ಕೆಮ್ಮೂ ತನ್ನನ್ನೇ ಬೈದಂತೆ ಅವನಿಗೆ ಕೇಳುತ್ತಿತ್ತು. ಚಿಗರಿಗಳು ಬೇಲಿಯ ಹೊರಗೆ ಎರಡು ದಿನ ಸುತ್ತಾಡಿ ಕಾಣೆಯಾದವು. ನಿಸರ್ಗ ಕಾಯಲು ಹಾಕಿದ ಬೇಲಿ, ನಿಸರ್ಗವನ್ನೇ ಓಡಿಸಿತು.

ಮತ್ತೆ ಹದಿನೈದು ದಿನಕ್ಕೆ ರಸ್ತೆಯ ಕಡೆ ಎರಡು ಲಾರಿ ಕಟ್ಟಡದ ಸೈಜುಗಲ್ಲು ಬಂದು ಬಿತ್ತು. ಬೇಲಿ ರಸ್ತೆಯ ತನಕ ಬಂದಿರಲಿಲ್ಲ. ಹನ್ನೆರಡು ಎಕರೆ ಹೊರಗೇ ಉಳಿದಿತ್ತು, ಬೇಲಿ ಕೆಲಸದವರು ಅಲ್ಲೂ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ಯಾಕೆ ಉಳಿದಿತ್ತು ಎಂದು ಯಾರೂ ಕೇಳಿರಲಿಲ್ಲ.

ಹೇಮಪ್ಪ ಅಂದು ಪಂಚಾಯ್ತಿ ಮೆಂಬರ್ ಅರುಣಾಳ ಮನೆಗೆ ಹೋದ. ಹೆಣ್ಣುಮಕ್ಕಳ ಮೀಸಲಾತಿಯಲ್ಲಿ ಆರಿಸಿಬಂದವಳು, ರಾಣೇಬೆನ್ನೂರಿನಲ್ಲಿ ಪಿಯುಸಿ ಓದಿದವಳು. ಅಲ್ಲಿಯ ತನಕ ಸಭೆಗೆ ಅವಳ ಗಂಡ ಹೋಗುತ್ತಿದ್ದ, ಅವಳು ಮನೆಯಲ್ಲಿ ಕುಳಿತು ಸಹಿ ಹಾಕುತ್ತಿದ್ದಳು.

"ಅಕ್ಕಾರ, ಆ ಠರಾವು ನೀವು ಓದಿರೇನ್ರಿ?"

ಅರುಣಾ ತಲೆ ತಗ್ಗಿಸಿದಳು. "ಸಹಿ ಮಾಡೇನಿ."

"ನಾನೂ ಸಾರೇನ್ರಿ. ಇಬ್ಬರೂ ಅಷ್ಟಽ."

ಅವಳಿಗೆ ಇದು ಚುಚ್ಚಿತು, ಚುಚ್ಚಲಿ ಎಂದೇ ಅವನು ಹೇಳಿದ್ದು. ಮರುದಿನ ಅರುಣಾ ಮೊದಲ ಬಾರಿ ತಾನೇ ಪಂಚಾಯ್ತಿಗೆ ಹೋದಳು, ಮೆಂಬರ್ ಎಂದು ಹೇಳಿ ಠರಾವಿನ ನಕಲು ಕೇಳಿದಳು. ಮನೋಹರ ನಾಳೆ ಅಂದ, ನಾಡಿದ್ದು ಅಂದ. ಅವಳು ಮೂರೂ ದಿನ ಹೋಗಿ ಅವನ ಮುಂದಿನ ಖುರ್ಚಿಯಲ್ಲಿ ಕುಳಿತಳು. ಮೂರನೇ ದಿನ ನಕಲು ಸಿಕ್ಕಿತು. ಹೇಮಪ್ಪನ ಅಂಗಳದಲ್ಲಿ, ಮೈಲವ್ವ ಮತ್ತು ಜೈತೂನಬಿಯ ಮುಂದೆ ಅವಳು ಅದನ್ನು ಓದಿದಳು. ಗಾಯರಾಣವನ್ನು ಖುಲ್ಲಾ ಮಾಡಿಸುವುದು. ಬೇಲಿಯ ಹೊರಗಿನ ಹನ್ನೆರಡು ಎಕರೆ ಯಾರ ಉಪಯೋಗದಲ್ಲೂ ಇಲ್ಲದ ಖುಲ್ಲಾ ಜಾಗವಾದ್ದರಿಂದ, ಅದನ್ನು ಕೋಲ್ಡ್ ಸ್ಟೋರೇಜಿಗೆ ಲೀಸಿನ ಮೇಲೆ ಕೊಡಲು ಗ್ರಾಮಸ್ಥರ ಒಪ್ಪಿಗೆ ಇದೆ.

"ಯಾರದು ಕೋಲ್ಡ್ ಸ್ಟೋರೇಜು?" ಮೈಲವ್ವ ಕೇಳಿದಳು.

"ಹೆಸರು ವೀರೇಂದ್ರನ ಸೋದರಮಾವಂದು."

ಮೆಣಸಿನಕಾಯಿ ತಂಪಾಗಿ ಇರಬೇಕು, ಅದನ್ನು ಬಿಡಿಸುವ ಹೆಂಗಸರಿಗೆ ಕೂರಲು ಗಾಳಿ ಬೇಡ. ಜೈತೂನಬಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೆಬ್ಬೆಟ್ಟು ನಂದೂ ಐತಲ್ಲ ಅದರಾಗ," ಎಂದಳು.

ಅರುಣಾ ಹೇಮಪ್ಪನನ್ನು ಕರೆದುಕೊಂಡು ಹಾವೇರಿಗೆ ಹೋದಳು. ಜಿಲ್ಲಾ ಪಂಚಾಯ್ತಿ ಆಫೀಸಿನಲ್ಲಿ ಒಬ್ಬ ಸಾಹೇಬರು ನೆಟ್ಟಗೆ ಕೂರಿಸಿ ಕೇಳಿದರು, ಆದರೆ ಹೇಳಿದ್ದು ಇಷ್ಟೆ. "ನಿಮ್ಮ ಊರವರಽ ಒಪ್ಪಿ ಕಳಿಸೀರಿ. ಮುನ್ನೂರು ಸಹಿ ಅದಾವ. ಸಭಾದಾಗ ಒಪ್ಪಿದ್ದು ಸಭಾದಾಗಽ ರದ್ದಾಗಬೇಕು. ಮತದಾರರಾಗ ಹತ್ತರಾಗ ಒಂದು ಪಾಲು ಮಂದಿ ಬರದು ಕೊಟ್ರ ವಿಶೇಷ ಗ್ರಾಮಸಭಾ ಕರೀಬೇಕು ಅವರು. ಕರೀಲಿಲ್ಲಂದ್ರ ನನ್ನ ಕಡೆ ಬರ್ರಿ."

ಅರ್ಜಿಗೆ ಸಹಿ ಕೂಡಿಸಲು ಹೇಮಪ್ಪ ಮನೆ ಮನೆ ಹತ್ತಿದ. ಹಲಗೆ ಇಲ್ಲದೇ ಹತ್ತಿದ. ನೀಲಗಂಗವ್ವ ಎಂಬವಳು, ಮೆಣಸಿನಕಾಯಿ ಹೆಂಗಸರಿಗೆಲ್ಲ ಮುಂದಾಳು, ಕಾಗದ ಕಿತ್ತು ಅರುಣಾಳ ಕೈಗೆ ಕೊಟ್ಟಳು. "ಮೊದ್ಲ ನೀ ಓದವಾ. ಪೂರಾ ಓದು. ಇವನ ಮಾತು ನಾ ಕೇಳೂದಿಲ್ಲ." ಹೇಮಪ್ಪ ಅಲ್ಲೇ ನಿಂತು ಕೇಳಿಸಿಕೊಂಡ. ಅವಳು ಮಾಡಿದ್ದು ಸರಿಯೇ ಎಂದು ಅವನಿಗೆ ಅನ್ನಿಸಿತು, ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಅರ್ಜಿ ಹೋಯಿತು. ಮನೋಹರ ಹದಿನೆಂಟು ದಿನ ಅದನ್ನು ಕಪಾಟಿನಲ್ಲಿ ಇಟ್ಟು ಕುಳಿತ. ಹಾವೇರಿಯಿಂದ ಫೋನು ಬಂದ ಮೇಲೆ ಸಭೆಯ ತಾರೀಖು ಇಟ್ಟ, ಎಂಥಾ ದಿನ ನೋಡಿ, ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಟೆಂಡರು ಆಗುವ ದಿನ, ಮುಂಜಾನೆ ಹನ್ನೊಂದಕ್ಕೆ. ಆ ದಿನ ಊರಿನಲ್ಲಿ ಕೆಲಸಕ್ಕೆ ಕೈಕಾಲು ಇದ್ದವರು ಯಾರೂ ಇರುವುದಿಲ್ಲ. ಹಿಂದಿನ ಸಂಜೆ ಹೇಮಪ್ಪನನ್ನು ಕರೆದು ಸಾರಬೇಕಾದ್ದನ್ನು ಹೇಳಿಕೊಟ್ಟ.

"ನಾಳೆ ಪೂರ್ವಾನುಮೋದಿತ ಠರಾವಿನ ಅನುಪಾಲನೆ ಕುರಿತು ವಿಶೇಷ ಸಭೆ ಇರುತ್ತದೆ. ಆಸಕ್ತರು ಹಾಜರಿರತಕ್ಕದ್ದು. ಹೂಂ, ತಿರುಗಿ ಹೇಳು."

ಹೇಮಪ್ಪ ತಿರುಗಿ ಹೇಳಲಿಲ್ಲ. "ಅಂದ್ರ ಏನ್ರಿ ಸಾಹೇಬ್ರ?"

"ನಿನಗ್ಯಾಕ ಅಂದ್ರ ಏನು. ಸಾರೂದು ನಿನ್ನ ಕೆಲಸ."

ಬಾಗಿಲಲ್ಲಿ ನಿಂತಿದ್ದ ವೀರೇಂದ್ರ ಹೇಳಿದ. "ಇಷ್ಟು ವರ್ಷ ಒಂದು ಅಕ್ಷರ ತಿದ್ದಿಲ್ಲಂತ ಹೇಳಕೋತ ತಿರಗತಿದ್ಯಲ್ಲೋ. ಈಗ್ಯಾಕ?"

ಹೇಮಪ್ಪ ಹೊರಗೆ ಬಂದು ಬೇವಿನ ಮರದ ತನಕ ನಡೆದ. ಗೊಣಗಲಿಲ್ಲ. ಮರ ಮುಟ್ಟಲೂ ಇಲ್ಲ, ದಾಟಿ ಹೋದ. ಆಗ ಬಂತು ನೋಡಿ ಸಿಟ್ಟು. ಯಾರ ಮೇಲೆ ಎಂದು ಅವನೂ ಸರಿಯಾಗಿ ಹೇಳಲಾರ. ವೀರೇಂದ್ರನ ಮೇಲೆ, ಹೌದು. ಆ ಪೆನ್ನು ಕೆಳಗಿಡದ ಮನೋಹರನ ಮೇಲೆ. ಆದರೆ ಎಲ್ಲಕ್ಕಿಂತ ಹೆಚ್ಚು, ಇಪ್ಪತ್ತೇಳು ವರ್ಷ ಅರ್ಥ ಕೇಳದೇ ಒದರಿದ ತನ್ನ ಗಂಟಲಿನ ಮೇಲೆ. ಅಪ್ಪನ ಮಾತಿನ ಮೇಲೂ ಬಂತು. ತಿದ್ದಬೇಡ ಅಂದೆ, ಸರಿ. ಕೇಳಬೇಡ ಅಂತ ಯಾಕೆ ಕಲಿಸಿದೆ? ಅಥವಾ ಅದನ್ನು ನಾನೇ ಕಲಿತೆನೋ?

ಮರುದಿನ ಮುಂಜಾನೆ ಬ್ಯಾಡಗಿಯ ಟೆಂಪೋ ಬಂದು ನಿಲ್ಲುವ ಹೊತ್ತಿಗೆ ಹೇಮಪ್ಪ ಸ್ಟ್ಯಾಂಡಿನಲ್ಲಿದ್ದ. ಹೆಂಗಸರು ಬುತ್ತಿ ಹಿಡಿದು ಹತ್ತುತ್ತಿದ್ದರು. ಅವನು ಟೆಂಪೋದ ಮುಂದೆಯೇ ನಿಂತು ಮೂರು ಪೆಟ್ಟು ಹೊಡೆದ. ಡ್ರೈವರ್ ಹಾರ್ನ್ ಹಾಕಿದ. ಹಾರ್ನಿಗಿಂತ ಮೇಲೆ ಇವನ ಧ್ವನಿ ಹೋಯಿತು.

"ಕೇಳ್ರಿ. ಸೆಕ್ರೆಟರಿ ಹೇಳಿ ಕಳಿಸಿದ್ದು ಬ್ಯಾರೆ ಐತಿ, ನಾ ಹೇಳೂದು ಬ್ಯಾರೆ ಐತಿ. ಇವತ್ತ ಹನ್ನೊಂದಕ್ಕ ಗ್ರಾಮಸಭಾ ಐತಿ. ಗಾಯರಾಣದ ಸಭಾ. ನೀವು ಇಲ್ಲದಾಗ ಮುಗಸಬೇಕಂತ ಇವತ್ತ ಇಟ್ಟಾರ. ಆವತ್ತು ನಾ ಖುಲ್ಲಾ ಅಂತ ಸಾರಿದ್ದು ಸುಳ್ಳು. ಖುಲ್ಲಾ ಅಂದ್ರ ನಿಮ್ಮನ್ನ ಹೊರಗ ಹಾಕೂದು. ರಸ್ತಾದ ಕಡೆ ಹನ್ನೆರಡು ಎಕರೆ ಗೌಡರ ಮಾವಗ ಹೋಗತೈತಿ. ನಾ ತಪ್ಪು ಸಾರೇನಿ. ನನಗ ಏನರ ಅನ್ರಿ, ಆದ್ರ ಇವತ್ತ ಟೆಂಪೋ ಹತ್ತಬ್ಯಾಡ್ರಿ."

ಯಾರೂ ಇಳಿಯಲಿಲ್ಲ. ಒಂದು ದಿನದ ಪಗಾರ ಬಿಡುವುದು ಸಣ್ಣ ಮಾತಲ್ಲ. ಹೇಮಪ್ಪ ಟೆಂಪೋ ಬಿಟ್ಟು ಸರಿಯಲೂ ಇಲ್ಲ. ಕಡೆಗೆ ಹೊನ್ನವ್ವ ಇಳಿದಳು. ಅವಳು ಗಂಡನ ಮುಖ ನೋಡಲಿಲ್ಲ, ನೀಲಗಂಗವ್ವನ ಕಡೆ ತಿರುಗಿದಳು. "ಇವಂಗಲ್ಲ ನಾ ಇಳದಿದ್ದು. ನನಗ ಆ ಗಾಳಿ ಬೇಕು."

ನೀಲಗಂಗವ್ವ ಬುತ್ತಿ ಗಂಟು ಕೆಳಗೆ ಎಸೆದಳು. "ಇಳೀರೇ ಎಲ್ಲಾರು. ಒಂದಿನ ಮೆಣಸಿನಕಾಯಿ ತೊಟ್ಟಿನ ಸಂಗಾಟನಽ ಇರಲಿ."

ಇಪ್ಪತ್ತೆಂಟು ಹೆಂಗಸರು ಇಳಿದರು. ಹೇಮಪ್ಪ ಓಣಿ ಓಣಿ ತಿರುಗಿ ಅದೇ ಮಾತು ಸಾರಿದ. ಹನ್ನೊಂದಕ್ಕೆ ಪಂಚಾಯ್ತಿಯ ಅಂಗಳ, ಕಟ್ಟೆ, ರಸ್ತೆ ಎಲ್ಲ ತುಂಬಿ ನಿಂತಿತು. ಮೈಲವ್ವ ಆಡುಗಳ ಸಮೇತ ಬಂದಿದ್ದಳು.

ಮನೋಹರನ ಮುಖ ಬಿಳುಚಿತು. ಹಾವೇರಿಯಿಂದ ಒಬ್ಬ ಅಧಿಕಾರಿ ನೋಡಲು ಬಂದಿದ್ದರಿಂದ ಸಭೆ ಮುಂದೆ ಹಾಕುವಂತೆಯೂ ಇರಲಿಲ್ಲ. ಅವನು ಠರಾವು ಓದಲು ಎದ್ದ. ಎರಡು ಸಾಲು ಗಡಗಡ ಓದಿದ್ದ, ಮೈಲವ್ವ ಕೋಲು ನೆಲಕ್ಕೆ ಕುಟ್ಟಿದಳು.

"ನಿಲ್ಲಪಾ. ಉಪಯೋಗದಾಗ ಇಲ್ಲದ ಜಾಗಾ ಅಂದ್ಯಲ್ಲ. ಅಂದ್ರ ಏನು?"

"ಅಂದ್ರ ಅಲ್ಲಿ ಏನೂ ಇಲ್ಲಜ್ಜಿ. ಮನಿ ಇಲ್ಲ, ಹೊಲ ಇಲ್ಲ, ಖುಲ್ಲಾ ಐತಿ."

"ನನ್ನ ಆಡು ಎಲ್ಲಿ ಮೇಯತಿದ್ವು?"

"ಅಲ್ಲೇ. ಆದ್ರ ಅದು ಉಪಯೋಗ ಅನಸೂದಿಲ್ಲ."

"ಆಡಿಗೆ ಅನಸೇತಿ ನೋಡು," ಎಂದಳು ಮೈಲವ್ವ. ಜನ ನಕ್ಕರು. ಅಧಿಕಾರಿಯೂ ಕರವಸ್ತ್ರ ಬಾಯಿಗೆ ಹಿಡಿದರು. ನಗು ನಿಂತ ಮೇಲೆ ಹೊನ್ನವ್ವ ಎದ್ದಳು. ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. "ನಾವು ಅಲ್ಲಿ ಉಸರಾಡತಿದ್ವಿರಿ. ಅದನ್ನ ಯಾವ ಕಾಲಮ್ಮಿನಾಗ ಬರೀತೀರಿ?" ಎಂದು ಕೇಳಿ ಕುಳಿತುಬಿಟ್ಟಳು.

ವೀರೇಂದ್ರ ಸಿಟ್ಟಿಗೆದ್ದು ಹೇಮಪ್ಪನ ಕಡೆ ಬೆರಳು ತೋರಿಸಿದ. "ಇದೆಲ್ಲಾ ಇವನ ಕಿತಾಪತಿ. ಪಂಚಾಯ್ತಿ ಅನ್ನಾ ತಿಂದು ಪಂಚಾಯ್ತಿಗೇ ತಿರುಗಿ ಬಿದ್ದಾನ. ನಾಳಿಂದ ಕೆಲಸಕ್ಕ ಬರಬ್ಯಾಡ ನೀ."

ಹೇಮಪ್ಪ ಕಿಸೆಯಿಂದ ಕೊಂಡವಾಡದ ಕೀಲಿಕೈ ತೆಗೆದು ಮನೋಹರನ ಟೇಬಲ್ಲಿನ ಮೇಲೆ ಇಟ್ಟ. "ನಾಳೆ ಯಾಕ್ರಿ. ಇವತ್ತಽ ಬಿಟ್ಟೆ. ಈಗ ನಾ ನೌಕರಲ್ಲ, ಊರಾವ. ಊರಾವ ಕೇಳಾಕತ್ತೇನಿ, ಆ ಠರಾವು ರದ್ದು ಮಾಡ್ರಿ."

ಕೈ ಎತ್ತಿಸಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅರುಣಾ ಹೊಸ ಠರಾವು ಹೇಳಿದಳು, ಮನೋಹರ ಬರೆದ. ಪ್ರತಿ ಸಾಲಿಗೂ ಯಾರೋ ಒಬ್ಬರು ಅಂದ್ರ ಏನು ಎಂದು ಕೇಳುತ್ತಿದ್ದರು, ಅವನು ಹೇಳಲೇಬೇಕಿತ್ತು. ಸಂಜೆ ನಾಲ್ಕಾಯಿತು. ಲೀಸು ರದ್ದು. ಒತ್ತಿದವರನ್ನು ಹಿಂದೆ ಸರಿಸುವುದು. ಬೇಲಿಗೆ ಮೂರು ಕಡೆ ದನ ಮಂದಿ ಹಾಯಲು ಬಾಗಿಲಿಲ್ಲದ ದಾರಿ ಬಿಡುವುದು.

ಗೆದ್ದರು ಎನ್ನಿ. ಆದರೆ ಹೇಮಪ್ಪನ ಕೆಲಸ ಹೋದದ್ದು ಹೋಯಿತು, ಅವನನ್ನು ತಿರುಗಿ ತೆಗೆದುಕೊಳ್ಳಿ ಎಂದು ಅರುಣಾ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಪಂಚಾಯ್ತಿ ಈಗ ಆಟೋಕ್ಕೆ ಮೈಕು ಕಟ್ಟಿಸಿ ಸಾರಿಸುತ್ತದೆ. ಒತ್ತಿದವರು ಒಂದು ಸಾಲೂ ಹಿಂದೆ ಸರಿದಿಲ್ಲ, ಸರ್ವೆಯವರು ಬರಬೇಕಂತೆ. ಚಿಗರಿಗಳು ತಿರುಗಿ ಬರಲಿಲ್ಲ. ಹೇಮಪ್ಪ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಕೆಲಸ ಹಿಡಿದ. ಐವತ್ತು ದಾಟಿದ ಬೆನ್ನಿಗೆ ಅದು ಸುಲಭವಲ್ಲ. ಸಂಜೆ ಟೆಂಪೋ ಇಳಿದು ಹೆಂಗಸರ ಜೊತೆ ಗಾಯರಾಣಕ್ಕೆ ಹೋಗುತ್ತಾನೆ. ಅವರು ಕೂರುತ್ತಾರೆ, ಅವನು ಕೂರುವುದಿಲ್ಲ, ಮೂರೂ ದಾರಿ ನೋಡಿ ಬರುತ್ತಾನೆ. ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳಲು ಅವನಿಗೆ ಮನಸ್ಸೂ ಇಲ್ಲ.

ಮರು ವರ್ಷದ ಯುಗಾದಿ ಕಳೆದ ವಾರ, ಹೊಂಡದ ಕಡೆಯ ದಾರಿಗೆ ಒಂದು ಕಬ್ಬಿಣದ ಬಾಗಿಲು ಕೂತಿತ್ತು. ಹೊಸ ಬಣ್ಣ, ಕೀಲಿ ಹಾಕಿತ್ತು. ಮೈಲವ್ವನ ಆಡುಗಳು ಅದರ ಮುಂದೆ ನಿಂತಿದ್ದವು.

ಹೇಮಪ್ಪ ಅಂದು ಕೆಲಸಕ್ಕೆ ಹೋಗಲಿಲ್ಲ. ಹಾರೆ ತಂದು ಬಾಗಿಲನ್ನು ಕಂಬದಿಂದ ಬಿಡಿಸಿದ, ಕೀಲಿ ಹಾಗೇ ಇರಲಿ ಎಂದು ಮುಟ್ಟಲಿಲ್ಲ. ಚೀಲ ಹೊತ್ತು ರೂಢಿಯಾದ ಬೆನ್ನ ಮೇಲೆ ಅದನ್ನು ಹೊತ್ತು, ಹಾಡಹಗಲು, ಊರ ನಡುವಿನ ಓಣಿಯಲ್ಲೇ ನಡೆದು ಬಂದ. ಹಿಂದೆ ಹಿಂದೆ ಜನ ಬಂದರು. ಪಂಚಾಯ್ತಿಯ ಮೆಟ್ಟಿಲ ಮೇಲೆ ಅದನ್ನು ಧಡ್ ಎಂದು ಇಳಿಸಿದ.

ಮನೋಹರ ಹೊರಗೆ ಬಂದ. "ಏ, ಸರಕಾರಿ ಮಾಲು ಕಿತ್ತೀಯೇನೋ? ಕೇಸು ಹಾಕ್ತೇನಿ."

"ಹಾಕ್ರಿ," ಅಂದ ಹೇಮಪ್ಪ. ಏದುಸಿರು ಬರುತ್ತಿತ್ತು. "ಸರಕಾರಿ ಮಾಲಂತ ಸರಕಾರಕ್ಕಽ ತಂದು ಮುಟ್ಟಸೇನಿ. ಕಬ್ಬಿಣದ ಬಾಗಿಲಾ ಒಂದು, ಕೀಲಿ ಸಮೇತ ಮುಟ್ಟಿತು ಅಂತ ಬರದು ಕೊಡ್ರಿ. ಬರದು, ಮಂದಿ ಮುಂದ ಓದಿ ಹೇಳ್ರಿ."

ಮನೋಹರ ಒಳಗೆ ನೋಡಿದ, ಹೊರಗೆ ನಿಂತ ಜನರನ್ನು ನೋಡಿದ. ನೀಲಗಂಗವ್ವ ಕಟ್ಟೆಯ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡಳು, ಎಷ್ಟು ಹೊತ್ತಾದರೂ ಆಗಲಿ ಎನ್ನುವಂತೆ. ಕಡೆಗೆ ಅವನು ಪೆನ್ನಿನ ಟೊಪ್ಪಿಗೆ ತೆಗೆದ.